ಉಡಿಯಲ್ಲಿ ಬಿದ್ದ ನವಿಲು

ಪಾಯಿಂಟ್ ಕುಕ್‌ನ ಐಶ್ವರ್ಯಾಳ ಮನೆಯಲ್ಲಿ ಕುಬುಸದ ಊಟ ಮುಗಿದು, ಬಂದ ಹೆಂಗಸರೆಲ್ಲ ಎಲೆ ಅಡಿಕೆ ಹಿಡಿದು ಹೊರಟುಹೋದ ಮೇಲೆ ಮಳೆ ಹಿಡಿದುಕೊಂಡಿತು. ಮೆಲ್ಬರ್ನಿನ ಮಳೆ ಸಾಮಾನ್ಯವಾಗಿ ಬಂದಷ್ಟೇ ಬೇಗ ಹೋಗುವಂಥದು, ಛತ್ರಿ ಬಿಚ್ಚುವುದರೊಳಗೆ ಬಿಸಿಲು. ಇದು ಹಾಗಲ್ಲ. ಹಿತ್ತಲಿನ ತಗಡಿನ ಮೇಲೆ ಯಾರೋ ಚೀಲಗಟ್ಟಲೆ ಜೋಳ ಸುರಿಯುತ್ತಿರುವ ಹಾಗೆ ಒಂದೇ ಸಮ ಹೊಡೆಯುತ್ತಿತ್ತು. ಫ್ರೀವೇ ಮೇಲೆ ಅಪಘಾತವಾಗಿ ಕಾರುಗಳು ನಿಂತಲ್ಲೇ ನಿಂತಿದ್ದವು. ಐಶ್ವರ್ಯಾಳ ಗಂಡ ನೆಂಟರನ್ನು ಏರ್‌ಪೋರ್ಟಿಗೆ ಬಿಡಲು ಹೋದವನು ಅದರಲ್ಲಿ ಸಿಕ್ಕಿಕೊಂಡಿದ್ದ. ಚನ್ನಕ್ಕನನ್ನು ವಿಂಡಮ್ ವೇಲ್‌ಗೆ ಕರೆದುಕೊಂಡು ಹೋಗಬೇಕಾಗಿದ್ದ ಮಗ ಗೌರೀಶನೂ ಸಿಕ್ಕಿಕೊಂಡಿದ್ದ.

ಮನೆಯಲ್ಲಿ ಉಳಿದವರು ನಾಲ್ವರು. ಹಸಿರು ಸೀರೆ, ಹಸಿರು ಬಳೆ ತೊಟ್ಟ ಏಳು ತಿಂಗಳ ಬಸುರಿ ಐಶ್ವರ್ಯಾ, ಧಾರವಾಡದ ಚನ್ನಕ್ಕ, ಮೈಸೂರಿನವರಾದ, ಈಗ ಕೆಲಸದಿಂದ ನಿವೃತ್ತರಾದ ಡಾಕ್ಟರ್ ಅನುಸೂಯ, ಅವರ ಮೊಮ್ಮಗಳು ಮಹತಿ. ಇಂಥ ಮಳೆಯಲ್ಲಿ ಸ್ಟಿಯರಿಂಗ್ ಹಿಡಿಯುವುದಿಲ್ಲ ಎಂದು ಅನುಸೂಯ ಕೂತುಬಿಟ್ಟಿದ್ದರು.

ಐಶ್ವರ್ಯಾ ಚಹಾ ಕಪ್ಪುಗಳನ್ನು ಇಟ್ಟಳು, ಆದರೆ ಚನ್ನಕ್ಕನ ಮುಖ ನೋಡಲಿಲ್ಲ. ಅವಳಿಗೆ ಸಿಟ್ಟಿತ್ತು, ಸಿಟ್ಟಿಗಿಂತ ದುಃಖವೇ ಹೆಚ್ಚು. ಹುಬ್ಬಳ್ಳಿಯಿಂದ ತಾಯಿ ಬರಬೇಕಾಗಿತ್ತು, ವೀಸಾ ಬರಲಿಲ್ಲ. ತಾಯಿಯ ಜಾಗದಲ್ಲಿ ತನ್ನ ಊರ ಕಡೆಯ ಹಿರಿಯಳಾದ ಚನ್ನಕ್ಕ ಉಡಿ ತುಂಬಲಿ ಎಂದು ಅವಳು ವಾರದಿಂದ ಅಂದುಕೊಂಡಿದ್ದಳು. ಗಂಡನಿಲ್ಲದ ಹೆಂಗಸು ಉಡಿ ತುಂಬಬಾರದು ಎಂಬ ಮಾತನ್ನು ಅವಳು ಒಪ್ಪುವವಳೇ ಅಲ್ಲ. ಎಲ್ಲರೂ ಸಾಲಾಗಿ ಬಂದು ಸೆರಗಿನೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬುಸದ ಖಣ ಹಾಕಿದ ಮೇಲೆ, ಅವಳೇ ಕರೆದಳು. ‘ಅಜ್ಜಿ, ನೀವೂ ಬರ್ರಿ.’ ಚನ್ನಕ್ಕ ಎಲ್ಲರೆದುರಿಗೆ ಚೀರಿದಳು: ‘ಬ್ಯಾಡ ಅಂದ್ರ ಬ್ಯಾಡ!’

ಈಗ ಆಕೆ ಕಿಟಕಿ ಪಕ್ಕದ ಉದ್ದ ಸೋಫಾದ ಒಂದು ತುದಿಯಲ್ಲಿ, ಭುಜದ ತುಂಬ ಶಾಲು ಹೊದ್ದು ನೆಟ್ಟಗೆ ಕೂತಿದ್ದಳು. ಮಹತಿ ಬಂದು ಪಕ್ಕದಲ್ಲಿ ಕೂರಲು ಹೋದಾಗ ಕೋಲು ಅಡ್ಡ ಬಂತು.

‘ಇಲ್ಲಲ್ಲ ಕೂಸ, ಕೆಳಗ ಕೂಡು. ಮೆತ್ತಗ ಐತಿ ಕಾರ್ಪೆಟ್ಟು.’

‘ಅಜ್ಜಿ, ಟೆಲ್ ಅಸ್ ಅ ಸ್ಟೋರಿ. ಸ್ಕೇರಿ ಒನ್’ ಎಂದಳು ಮಹತಿ, ಕೆಳಗೆ ಕಾಲು ಚಾಚಿ.

‘ಕತಿ ಬ್ಯಾಡ’ ಎಂದಳು ಐಶ್ವರ್ಯಾ. ‘ನನಗ ಒಂದ ಉತ್ತರ ಬೇಕ್ರಿ ಅಜ್ಜಿ. ನಾನ ಕರದ್ರೂ ನೀವು ಯಾಕ ಬರಲಿಲ್ಲ? ನನ್ನ ಕೂಸಿಗೆ ನಿಮ್ಮ ಆಶೀರ್ವಾದ ಬ್ಯಾಡೇನು?’

ಚನ್ನಕ್ಕ ಕೋಲನ್ನು ಮೊಣಕಾಲಿಗೆ ಆನಿಸಿಟ್ಟಳು.

‘ಉತ್ತರ ಬೇಕಂದ್ರ ಕತೀನ ಕೇಳಬೇಕವ್ವ. ನಡುವ ಬಾಯಿ ಹಾಕಿದ್ರ ಎದ್ದು ಹೋಗಾಕಿ ನಾ… ಈ ಮಳ್ಯಾಗ ಎಲ್ಲಿ ಹೋಗ್ಲಿ, ಆದ್ರೂ ಹೋಗಾಕಿ!

‘ನಾ ಆಗ ಸಿಡ್ನಿಯೊಳಗ ಇದ್ದೆ, ನನ್ನ ಮಗಳು ಸಂಧ್ಯಾರಾಣಿ ಮನ್ಯಾಗ. ಸ್ಕೋಫೀಲ್ಡ್ಸ್ ಅಂತ, ಊರ ಕಡೀ ತುದಿ. ಎಲ್ಲಾ ಹೊಸಾ ಮನಿ, ಈ ಕಿಡಿಕ್ಯಾಗಿಂದ ಕೈ ಚಾಚಿದ್ರ ಬಾಜೂ ಮನಿ ಗ್ವಾಡಿ ಮುಟ್ಟಬೇಕು, ಅಂಥಾವು. ಮುಂಜಾನೆ ಆತಂದ್ರ ಮಾರ್ಟ್‌ಗೇಜ್ ಕಟ್ಟೋರೆಲ್ಲಾ ಕಾರ್ ತಗೊಂಡು ಹೋಗಿಬಿಡೋರು. ಓಣ್ಯಾಗ ಉಳಿಯೋರು ಯಾರು? ಇಬ್ಬರು ಮುದುಕೇರು. ಒಬ್ಬಾಕಿ ನಾನು, ಇನ್ನೊಬ್ಬಾಕಿ ಬಾಜೂ ಮನಿ ಮಿಸೆಸ್ ಫಾಂಗ್. ಚೀನಾದಾಕಿ. ನಾ ಕೊತ್ತಂಬರಿ ಕೊಟ್ರ ಆಕಿ ಬೆಳ್ಳೊಳ್ಳಿ ವಾಸನಿ ಬರೋ ಒಂದು ಸೊಪ್ಪು ಕೊಡ್ತಿದ್ಲು. ನನ್ನ ಇಂಗ್ಲೀಷು ಆಕಿಗೆ ತಿಳೀತಿತ್ತು, ಆಕಿ ಇಂಗ್ಲೀಷು ನನಗ ತಿಳೀತಿತ್ತು. ನಮ್ಮಿಬ್ಬರ ಇಂಗ್ಲೀಷು ಬ್ಯಾರೆ ಯಾರಿಗೂ ತಿಳೀತಿದ್ದಿಲ್ಲ.’

ಅನುಸೂಯ ನಕ್ಕರು. ಐಶ್ವರ್ಯಾ ನಗಲಿಲ್ಲ.

‘ಆಕಿ ಮನಿ ಮುಂದ ಒಂದು ಬೆಂಚ್ ಇತ್ತು. ಅದರ ತುದಿಗೆ ನೆಟ್ಟಗ ಕೂತಿರ್ತಿದ್ಲು, ಎರಡೂ ಕೈ ಮೊಣಕಾಲ ಮ್ಯಾಲ. ನಾ ಹೋದ್ರ, ಪಾಪ, ಒಳಗಿಂದ ಒಂದು ಸ್ಟೂಲ್ ತಂದು ಹಾಕ್ತಿದ್ಲು. ಬೆಂಚಿನ ಮ್ಯಾಲ ಇಷ್ಟು ಜಾಗಾ ಐತಲ್ಲ, ಇದಕ್ಯಾಕ ಸ್ಟೂಲು ಅಂತ ನಾ ಒಂದ ದಿನಾನೂ ಕೇಳಲಿಲ್ಲ. ಅವರವರ ಮನಿ ರೀತಿ, ನಮಗ್ಯಾಕ ಬೇಕು… ಅಲ್ಲೇನು?

‘ಸಂಧ್ಯಾಗ ಏಳು ತಿಂಗಳಾತು. ಕುಬುಸ ಮಾಡಿದ್ವಿ, ಇವತ್ತ ನಿನಗ ಮಾಡಿದಂಗ. ಮಿಸೆಸ್ ಫಾಂಗ್‌ನೂ ಕರದಿದ್ವಿ. ಮೂಲ್ಯಾಗ ಕೂತು ನೋಡೇ ನೋಡಿದ್ಲು ಆಕಿ. ಒಬ್ಬೊಬ್ಬರ ಬಂದು ಸಂಧ್ಯಾನ ಸೆರಗಿನ್ಯಾಗ ಹಾಕೂದು, ಸಂಧ್ಯಾ ಎರಡೂ ಕೈಲೆ ಎದಿಗೆ ಅವಚಿಕೊಂಡು ತಗೊಳ್ಳೂದು… ಕಣ್ಣ ಮುಚ್ಚದಂಗ ನೋಡಿದ್ಲು. ಆಮ್ಯಾಲ ಸಂಧ್ಯಾನ ಹತ್ತಿರ ಬಂದು ಕೇಳಿದ್ಲು. ಇದನ್ನ ಬ್ಯಾಡ ಅಂತ ಹಿಂದಕ ಕೊಡಬಹುದೇನು ಅಂತ. ನನ್ನ ಮಗಳು ನಕ್ಕೊಂತ ಅಂದ್ಲು, ನೋ ನೋ ಆಂಟಿ, ಉಡ್ಯಾಗ ಬಿದ್ದದ್ದು ನಮ್ಮದ. ಹಿಂದಕ ಕೊಡಾಂಗಿಲ್ಲ, ನೆವರ್. ಮಿಸೆಸ್ ಫಾಂಗ್ ಮತ್ತ ಕೇಳಿದ್ಲು, ನೆವರ್? ನನ್ನ ಮಗಳು ಮತ್ತ ಅಂದ್ಲು… ನೆವರ್.

‘ಎದ್ದು ಮನಿಗೆ ಹೋದ್ಲು ಆಕಿ. ಹೊಂಟಳು ಬಿಡು ಅಂದ್ಕೊಂಡ್ವಿ. ಎಲ್ಲಿ ಹೊಂಟಿದ್ಲು? ಹೊಳ್ಳಿ ಬಂದ್ಲು, ಕೈಯಾಗ ಮಡಿಚಿದ ಒಂದು ಅರಿವಿ, ಕಣ್ಣು ಕೆಂಪಗ. ನಮ್ಮೋರ ಹಂಗ ಮುಷ್ಟಿ ಅಕ್ಕಿ ತಗೊಂಡು, ಅರಿವಿ ಮ್ಯಾಲ ಇಟ್ಟು, ಸಂಧ್ಯಾನ ಉಡ್ಯಾಗ ಹಾಕಿದ್ಲು. ಎಲ್ಲಾರೂ ಚಪ್ಪಾಳಿ ಹೊಡದ್ರು! ಫೋಟೋ ತಗದ್ರು! ನೋಡ್ರಿ, ಎಷ್ಟು ಛಂದ ಕಲ್ತಾಳ ಮುದುಕಿ ಅಂದ್ರು.’

ಚನ್ನಕ್ಕ ತನ್ನ ಕಪ್ಪನ್ನು ಮುಟ್ಟಿರಲಿಲ್ಲ. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು.

‘ಅರಿವಿ ಅಂದ್ರ ಎಂಥಾದ್ದು ಅಂತೀರಿ… ಚೌಕ, ಇಷ್ಟಗಲ, ಕರೀ ನೀಲಿ ರೇಶ್ಮಿ. ಅದರ ತುಂಬ ಕಸೂತಿ. ಕೆಳಗ ಸಮುದ್ರ, ನಡುವ ಒಂದು ಬಂಡಿಗಲ್ಲು, ಕಲ್ಲಿನ ಮ್ಯಾಲ ಒಂಟಿ ಕಾಲಿನ ಮ್ಯಾಲ ನಿಂತ ನವಿಲು, ಮೂಲ್ಯಾಗ ಕೆಂಪು ಸೂರ್ಯ. ನವಿಲು ಕತ್ತೆತ್ತಿ ಸೂರ್ಯನ ಕಡೆ ನೋಡ್ತಿತ್ತು. ಬಂಗಾರದ ಎಳಿ ಯವ್ವಾ! ನಾನೂ ಕಸೂತಿ ಹಾಕಾಕಿ, ಇಲಕಲ್ಲ ಸೀರಿ ಮ್ಯಾಲ ಎಷ್ಟು ನವಿಲು ಹಾಕೇನಿ ಲೆಕ್ಕಿಲ್ಲ. ಅಂಥಾ ನವಿಲು ನನ್ನ ಕೈಲೆ ಆಗಾಂಗಿಲ್ಲ.

‘ಇದೇನು ಅಂತ ಕೇಳಿದ್ರ ಮಿಸೆಸ್ ಫಾಂಗ್ ಹೇಳಿದ್ಲು. ಹಿಂದಕ ಅವರ ರಾಜನ ದರಬಾರಿನ್ಯಾಗ ಸಾಹೇಬ್ರಿಗೆಲ್ಲ ನಿಲುವಂಗಿ ಇದ್ದುವಂತ. ಎದಿ ಮ್ಯಾಲೊಂದು ಬೆನ್ನ ಮ್ಯಾಲೊಂದು ಇಂಥಾ ಚೌಕ. ಅದರಾಗಿನ ಹಕ್ಕಿ ನೋಡಿದ್ರ ಸಾಕು, ಈ ಸಾಹೇಬ ಎಷ್ಟು ದೊಡ್ಡಾಂವ ಅಂತ ತಿಳೀಬೇಕು. ನಮ್ಮಲ್ಲೆ ಡೀಸಿ ಸಾಹೇಬ್ರ ಕಾರಿನ ಮ್ಯಾಲ ಕೆಂಪು ಲೈಟ್ ಇರ್ತಿತ್ತಲ್ಲ, ಹಂಗ. ಕೊಕ್ಕರಿ ಇದ್ರ ಎಲ್ಲಾರಕಿಂತ ಮ್ಯಾಲ, ನವಿಲಿದ್ರ ಅಲ್ಲಿಂದ ಮೂರನೇದಾಂವ. ಸಣ್ಣ ಆಸಾಮಿ ಅಲ್ಲ ಮತ್ತ! ಹೆಂಡ್ತಿಗೂ ಅದ ಹಕ್ಕಿ. ಆದ್ರ ಒಂದ ಫರಕು… ಗಂಡನ ಹಕ್ಕಿ ಈ ಕಡೆ ಮೋತಿ ಮಾಡಿದ್ರ, ಹೆಂಡ್ತಿ ಹಕ್ಕಿ ಆ ಕಡೆ ಮೋತಿ ಮಾಡಬೇಕು. ಯಾಕ? ಇಬ್ಬರೂ ಬಾಜೂ ಬಾಜೂ ಕೂತಾಗ ಹಕ್ಕಿ ಒಂದನ್ನೊಂದು ನೋಡ್ತಿರಬೇಕು. ಇದು ಹೆಂಡ್ತೀದು ಅಂದ್ಲು ಮಿಸೆಸ್ ಫಾಂಗ್. ಅಷ್ಟ ಹೇಳಿ ನನ್ನ ಕೈ ಹಿಡದು ಅತ್ಲು. ನಾ ಎಂಥಾ ಹುಚ್ಚಿ… ಖುಷಿಗೆ ಅಳ್ತಾಳ ಅಂದ್ಕೊಂಡೆ.

‘ಆ ವಾರದಾಗ ಆಕಿ ಮಗ ಆಕೀನ್ನ ನರ್ಸಿಂಗ್ ಹೋಮಿಗೆ ಸೇರಿಸಿದ. ಇತ್ತ ಸಂಧ್ಯಾ, ಕುಬುಸದ ಖಣ ಹೊಲಿಸಿ ತೊಡಬೇಕಲ್ಲ, ಆ ಚೌಕ ಬೆನ್ನ ಮ್ಯಾಲ ಬರೂವಂಗ ಹಸರ ಕುಬುಸ ಹೊಲಿಸಿದ್ಲು. ಬಸವ ಜಯಂತಿಗೆ ತೊಟ್ಟು ಕಮ್ಯುನಿಟಿ ಹಾಲಿಗೆ ಬಂದ್ಲು. ಎಲ್ಲಾರೂ ಆಕಿ ಬೆನ್ನ ನೋಡೋರು, ಎಲ್ಲಿ ಮಾಡಿಸಿದಿ ಅಂತ ಕೇಳೋರು. ಅವತ್ತಿನ ಫೋಟೋದಾಗ ಫಸ್ಟ್ ಕಂಡಿದ್ದು. ನಮ್ಮ ಅಳಿಯ ವೀರೇಂದ್ರ ಒಂದು ಕಡೆ, ಸಂಧ್ಯಾ ಒಂದು ಕಡೆ, ನಡುವ ಒಬ್ಬ ಮನಷ್ಯಾ ನಿಲ್ಲೂವಷ್ಟು ಜಾಗಾ. ಫೋಟೋದಾವ ಹತ್ತಿರ ಬರ್ರಿ ಅಂತಾನ, ವೀರೇಂದ್ರ ಹೋಗ್ತಾನ, ಆಕಿ ಸರೀತಾಳ. ಆಂವ ಮತ್ತ ಹೋಗ್ತಾನ, ಆಕಿ ಮತ್ತ ಸರೀತಾಳ. ಗಂಡ ಹೆಂಡ್ತಿ ಜಗಳಾ ಆಡ್ಯಾರ ಅಂತ ಎಲ್ಲಾರೂ ನಕ್ರು.

‘ಮನ್ಯಾಗೂ ಹಂಗ. ಸೋಫಾದ ತುದಿಗೆ ಕೂಡ್ತಿದ್ಲು. ವೀರೇಂದ್ರ ಬಾಜೂಕ ಕೂತ್ರ, ಒಂದ ಗಳಿಗಿ, ಎದ್ದುಬಿಡ್ತಿದ್ದ. ಯಾಕೋ ಅಂದ್ರ, ಗೊತ್ತಿಲ್ರಿ ಅತ್ತಿ, ಯಾರದೋ ತೊಡಿ ಮ್ಯಾಲ ಕೂತಂಗ ಆಗತೈತಿ ಅಂದ. ಇಂಜಿನಿಯರ್ ಹುಡುಗ, ಸುಳ್ಳ ಹೇಳಾಂವ ಅಲ್ಲ. ಬರಬರ್ತ ಆಕಿ ಮಾತು ಕಡಿಮಿ ಆತು. ನೆಟ್ಟಗ ಕೂಡೂದು, ಬೆನ್ನು ಆನಿಸಾಂಗಿಲ್ಲ, ಎರಡೂ ಕೈ ಮೊಣಕಾಲ ಮ್ಯಾಲ… ಮುಂಜಾನಿಂದ ಸಂಜೀತನಕ. ನಾ ಒಂದ ದಿನಾ ಗದರಿಸಿದೆ, ಏನಾಗೈತಿ ನಿನಗ, ಬಾಯಿ ಬಿಟ್ಟು ಹೇಳು ಅಂದೆ. ತಲಿ ಮ್ಯಾಲ ಸೆರಗು ಹೊತ್ಕೊಂಡು ಅಂದ್ಲು… ಮೆಲ್ಲಕ ಮಾತಾಡವ್ವ, ಸಾಹೇಬ್ರು ಕೂತಾರ.’

‘ಚನ್ನಕ್ಕ, ಸಾಕು ಬಿಡಿ’ ಎಂದರು ಅನುಸೂಯ. ಅವರ ದನಿಯಲ್ಲಿ ಡಾಕ್ಟರಿನ ಗತ್ತು ಬಂದಿತ್ತು. ‘ಬಸುರಿ ಹುಡುಗಿ ಎದುರಿಗೆ ಇಂಥದ್ದೆಲ್ಲ ಯಾಕೆ? ಪ್ರೆಗ್ನೆನ್ಸಿಲಿ ಒಬ್ಬೊಬ್ಬರಿಗೆ ಡಿಪ್ರೆಶನ್ ಬರುತ್ತೆ. ಟ್ರೀಟ್‌ಮೆಂಟ್ ಇದೆ ಅದಕ್ಕೆ.’

‘ಬರತೈತ್ರಿ ಡಾಕ್ಟರ. ನಾವೂ ಹಂಗ ಅಂದ್ಕೊಂಡ್ವಿ. ತೋರಿಸಿದ್ವಿ, ಗುಳಿಗಿ ಕೊಟ್ರು. ಆದ್ರ ಹೊಟ್ಯಾಗಿನ ಕೂಸು? ದಿನಾ ಒದೀತಿತ್ತು ಅದು, ನಾ ಕೈ ಇಟ್ಟು ನೋಡ್ತಿದ್ದೆ. ಒದಿಯೂದು ಬಿಡ್ತು. ಸ್ಕ್ಯಾನ್ ಮಾಡಿದ್ರು, ಎದಿ ಬಡಕೊಳ್ತೈತಿ, ಎಲ್ಲಾ ಛಲೋ ಐತಿ, ಬೇಬಿ ಮಲಗೇತಿ ಅಂದ್ರು. ಎಷ್ಟು ದಿನಾಂತ ಮಲಗತೈತ್ರಿ ಕೂಸು? ಅದೂ ತಾಯಿ ಹಂಗ ಅಲುಗಾಡದ ಕೂತಿತ್ತು, ಯಾರದೋ ಅಪ್ಪಣಿ ಕಾಯ್ಕೊಂತ.’

ಐಶ್ವರ್ಯಾಳ ಕೈ ತಾನಾಗಿ ತನ್ನ ಹೊಟ್ಟೆಯ ಮೇಲೆ ಹೋಯಿತು. ಒಳಗೆ ಮಗು ಮೆಲ್ಲಗೆ ಹೊರಳಿತು. ಅವಳಿಗೆ ಜೀವ ಬಂದಂತಾಯಿತು.

‘ಆಕಿ ಜಳಕಕ್ಕ ಹೋದಾಗ ನಾ ಆ ಕುಬುಸ ಕೈಯಾಗ ತಗೊಂಡೆ. ಬೆಳಕಿಗೆ ಹಿಡದು ನೋಡಿದೆ. ಅಯ್ಯ ಶಿವನ… ಸೂರ್ಯನ ಕಡೆ ನೋಡ್ತಿದ್ದ ನವಿಲು ಕತ್ತು ಹೊಳ್ಳಿಸಿತ್ತು. ಬಾಜೂಕ ನೋಡ್ತಿತ್ತು, ಬಾಜೂಕ ಯಾರೋ ಇದ್ದಂಗ. ನನ್ನ ಕಣ್ಣಿಗೆ ವಯಸ್ಸಾಗೈತಿ ಅನ್ರಿ, ಒಪ್ಪತೀನಿ. ಆದ್ರ ಕತ್ತು ಮೊದಲ ಎಲ್ಲಿತ್ತಲ್ಲ, ಆ ಜಾಗಾದಾಗ ರೇಶ್ಮಿ ಮ್ಯಾಲ ಸೂಜಿ ಚುಚ್ಚಿದ ತೂತು ಹಂಗ ಇದ್ದುವು. ಎಳಿ ಇಲ್ಲ, ತೂತು ಅಷ್ಟ. ಬಿಚ್ಚಿದ ಕಸೂತಿ ಹೆಂಗ ಕಾಣತೈತಿ ಅಂತ ನನಗ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಬಂಗಾರದ ಎಳಿ ಬಿಚ್ಚಿ ಹೊಸಾ ಕತ್ತು ಹೊಲದೋರು ಯಾರು? ನಮ್ಮ ಮನ್ಯಾಗ ಯಾರು?

‘ವೀರೇಂದ್ರಗ ತೋರಿಸಿದೆ. ಆಂವ ಅದನ್ನ ಕಸಗೊಂಡ. ಒಂದು ಚೀಲದಾಗ ತುರುಕಿ, ಶಾಪಿಂಗ್ ಸೆಂಟರ್ ಹಿಂದ ಹಳೀ ಅರಿವಿ ಹಾಕೂ ದೊಡ್ಡ ಡಬ್ಬಿ ಇರತೈತಲ್ಲ, ಅದರಾಗ ಹಾಕಿ ಬಂದ. ಮುಗೀತು ಅಂದ. ನನಗೂ ಹಗುರಾತು, ಸುಳ್ಳ್ಯಾಕ ಹೇಳಲಿ, ಅವತ್ತ ಹೋಳಿಗಿ ಮಾಡಿದೆ. ಬಡಿಸೋಣಂತ ಕರದ್ರ ಮನ್ಯಾಗ ಸಂಧ್ಯಾನ ಇಲ್ಲ! ಬಾಗಲಾ ತೆರದೈತಿ, ಹೊರಗ ಧೋ ಅಂತ ಮಳಿ. ಹುಡುಕಿದ್ವಿ. ಎಲ್ಲಿದ್ಲು? ಆ ಡಬ್ಬಿ ಮುಂದ. ಬರಿಗಾಲಿಲೆ ನಡಕೊಂತ ಹೋಗಿ ಒದ್ದಿ ನೆಲದ ಮ್ಯಾಲ ಕೂತಿದ್ಲು, ನೆಟ್ಟಗ, ಕೈ ಮೊಣಕಾಲ ಮ್ಯಾಲ. ತುಟಿ ನೀಲಿ ಆಗಿದ್ದುವು. ಎತ್ತಾಕ ಹೋದ್ರ ಕಲ್ಲಾಗಿದ್ಲು ನನ್ನ ಮಗಳು. ವೀರೇಂದ್ರ, ಅಷ್ಟು ಎತ್ತರದ ಹುಡುಗ, ಮಳ್ಯಾಗ ನಿಂತು ಅತ್ತಬಿಟ್ಟ. ಡಬ್ಬಿ ಬಾಯಾಗ ಕೈ ಹಾಕಿ, ರಟ್ಟಿ ಕೆತ್ತಿಸಿಕೊಂಡು, ಆ ಚೀಲ ಹೊರಗ ಜಗ್ಗಿದ. ಆವಾಗ ಎದ್ಲು ಆಕಿ.

‘ಮರುದಿನ ನಾ ನರ್ಸಿಂಗ್ ಹೋಮಿಗೆ ಹೋದೆ. ಬಯ್ಯಬೇಕಂತ ಹೋಗಿದ್ದೆ, ಖರೇ ಹೇಳ್ತೀನಿ, ಕೂದಲಾ ಹಿಡದು ಎಳೀಬೇಕಂತ ಹೋಗಿದ್ದೆ. ಮಿಸೆಸ್ ಫಾಂಗ್ ಹಾಸಿಗ್ಯಾಗ ಇದ್ಲು. ಎರಡ ದಿಂಬಿಗೆ ಬೆನ್ನು ಚೆಲ್ಲಿ, ಕೈ ಕಾಲು ಎಲ್ಲೆಲ್ಲೋ ಬಿಟ್ಟು, ಸಣ್ಣ ಕೂಸಿನಂಗ ಮಲಗಿದ್ಲು. ನಾ ಆಕಿ ಬೆನ್ನು ಆನಿಸಿದ್ದು ನೋಡಿದ್ದು ಅದ ಮೊದಲು. ನನ್ನ ನೋಡಿ ಅಳಾಕ ಹತ್ತಿದ್ಲು. ಸಾರಿ, ಸಾರಿ ಅಂದ್ಲು. ಆಕಿ ಲಗ್ನ ಆಗಿ ಬಂದಾಗ ಆಕಿ ಅತ್ತಿ ಕೊಟ್ಟಿದ್ಲಂತ. ಅತ್ತಿಗೆ ಅವರತ್ತಿ. ಆ ಮನ್ಯಾಗ ಒಬ್ಬಾಕಿ ಹೆಣ್ಣು ಸಾಹೇಬ್ರ ಬಾಜೂಕ ಕೂತಿರಬೇಕು, ಯಾವತ್ತೂ. ಖುರ್ಚಿ ಖಾಲಿ ಬಿಡಾಂಗಿಲ್ಲ. ಸೊಸೀಗೆ ಕೊಡಾಕ ಹೋದ್ರ ಸೊಸಿ ಬ್ಯಾಡ ಅಂದ್ಲು, ಮಗಳೂ ಬ್ಯಾಡ ಅಂದ್ಲು. ಬ್ಯಾಡ ಅಂದೋರಿಗೆ ಕೊಡಾಕ ಬರಾಂಗಿಲ್ಲಂತ. ನಮ್ಮ ಮನಿಗೆ ಬಂದ್ಲು ನೋಡ್ರಿ… ಅಲ್ಲೆ ಒಬ್ಬ ಹುಡುಗಿ ಸೆರಗು ಒಡ್ಡಿ ಕೂತಾಳ, ಏನು ಹಾಕಿದ್ರೂ ಕಣ್ಣಿಗೊತ್ತಿಕೊಂಡು ತಗೋತಾಳ, ಹಿಂದಕ ಕೊಡಾಂಗಿಲ್ಲ ಅಂತ ಎರಡೆರಡ ಸಲ ಬಾಯಿ ಬಿಟ್ಟು ಹೇಳ್ತಾಳ. ಬಿಡ್ತಾಳೇನು? ನಾನಾಗಿದ್ರೂ ಬಿಡ್ತಿದ್ದಿಲ್ಲೋ ಏನೋ.

‘ಬಿಡಿಸೂದು ಹೆಂಗ ಅಂದೆ. ಬಿಡಿಸಾಕ ಬರಾಂಗಿಲ್ಲ, ಇನ್ನೊಬ್ಬಾಕಿಗೆ ಕೊಡೂದು ಅಷ್ಟ ಅಂದ್ಲು. ಆಕಿ ಸಂಕಟ ನೋಡಿ ಬಯ್ಯಾಕ ನನಗ ಬಾಯಿ ಬರಲಿಲ್ಲ. ದಿಂಬು ಸರಿ ಮಾಡಿ ಬಂದೆ.’

ಹೊರಗೆ ಮಳೆ ಇನ್ನಷ್ಟು ಜೋರಾಯಿತು. ಮಹತಿ ಯಾವಾಗಲೋ ಸರಿದು ತನ್ನ ಅಜ್ಜಿಯ ಕಾಲಿಗೆ ಒತ್ತಿಕೊಂಡಿದ್ದಳು. ಚನ್ನಕ್ಕನ ದನಿ ಇಳಿದಿತ್ತು.

‘ಮಧ್ಯಾಹ್ನ. ವೀರೇಂದ್ರ ಆಫೀಸಿಗೆ ಹೋಗಿದ್ದ. ನಾ ಸಂಧ್ಯಾನ ಮುಂದ ಹೋಗಿ ಸೆರಗು ಒಡ್ಡಿ ನಿಂತೆ. ತುಂಬು ನನ್ನ ಉಡಿ ಅಂದೆ. ನಮ್ಮವರು ಹೋದ ಮ್ಯಾಲ, ಯವ್ವಾ, ನನ್ನ ಉಡ್ಯಾಗ ಯಾರೂ ಒಂದ ಕಾಳ ಅಕ್ಕಿ ಹಾಕಿದ್ದಿಲ್ಲ. ಲಗ್ನದಾಗ, ಕುಬುಸದಾಗ ಎಲ್ಲಾರೂ ಸಾಲಿಗೆ ನಿಂತ್ರ ನಾ ಅಡಗಿಮನ್ಯಾಗ ಇರ್ತಿದ್ದೆ. ಅಷ್ಟು ಮಬ್ಬಿನ್ಯಾಗೂ ನನ್ನ ಮಗಳಿಗೆ ಅದೊಂದ ಗೊತ್ತಾತು ನೋಡ್ರಿ. ನಿನಗ ತುಂಬಬಾರದವ್ವ ಅಂದ್ಲು. ತುಂಬ ಅಂದೆ! ನೀ ನನ್ನ ಹೊಟ್ಯಾಗ ಹುಟ್ಟಿದ್ದು ಖರೇ ಇದ್ರ ತುಂಬ ಅಂದೆ! ಅಕ್ಕಿ ಹಾಕಿದ್ಲು. ಆ ಕುಬುಸ ಹಾಕಿದ್ಲು. ನಾ ಎದಿಗೆ ಅವಚಿಕೊಂಡು, ಕಣ್ಣಿಗೆ ಒತ್ತಿಕೊಂಡು ತಗೊಂಡೆ.

‘ಅಷ್ಟ. ಆಕಿ ಸೋಫಾಕ್ಕ ಬೆನ್ನು ಚೆಲ್ಲಿ, ಯವ್ವಾ ಹಸಿವಿ ಅಂದ್ಲು. ಹೊಟ್ಟಿ ಹಿಡಕೊಂಡು, ಅವ್ವಾ, ಒದೀತು ನೋಡ ಅಂದ್ಲು… ಮೊಮ್ಮಗಳು ಈಗ ಸಾಲಿಗೆ ಹೋಗ್ತಾಳ.’

‘ಥ್ಯಾಂಕ್ ಗಾಡ್’ ಎಂದಳು ಮಹತಿ.

‘ಸಂಧ್ಯಾಗ ಏನೂ ನೆನಪಿಲ್ಲ. ನಾ ಬಾಣಂತನಾನೂ ಮಾಡದ ಇಲ್ಲಿಗೆ, ಗೌರೀಶನ ಮನಿಗೆ ಬಂದುಬಿಟ್ಟೆ ಅಂತ ಇವತ್ತಿಗೂ ಸಿಟ್ಟು ಆಕಿಗೆ. ಅಳಿಯ ಏನಾರ ಅಂದ್ನೇನವ್ವ ಅಂತ ಫೋನಿನ್ಯಾಗ ಕೇಳ್ತಾಳ. ಏನ್ ಹೇಳ್ಲಿ? ಆ ಮನ್ಯಾಗ ಹೆಣ್ಣು ಕೂಸು ಐತಿ. ಓಡಿ ಬಂದು ಅಜ್ಜಿ, ನನಗ ಏನ ತಂದಿ ಅಂತ ಲಂಗ ಒಡ್ಡಿದ್ರ? ಮೊಮ್ಮಗಳನ್ನ ಒಮ್ಮೆಯೂ ತೊಡಿ ಮ್ಯಾಲ ಕೂಡಿಸಿಕೊಂಡಿಲ್ಲ ನಾ. ಬರೇ ವಿಡಿಯೋದಾಗ ನೋಡ್ತೀನಿ. ಇಲ್ಲಿಗೆ ಬರೂ ದಿನಾ ಪ್ಲೇನ್ ಗಿಚ್ಚ ತುಂಬಿತ್ತು, ಬಾಗಲದ ತನಕ ಮಂದಿ… ನನ್ನ ಬಾಜೂಕ ಸೀಟಿಗೆ ಮಾತ್ರ ಯಾರೂ ಬಂದು ಕೂಡಲಿಲ್ಲ.’

ಚನ್ನಕ್ಕ ಸಂಜೆಯಿಂದ ಒಮ್ಮೆಯೂ ಸೋಫಾಕ್ಕೆ ಬೆನ್ನು ಆನಿಸಿರಲಿಲ್ಲ ಎಂಬುದು ಐಶ್ವರ್ಯಾಳಿಗೆ ಆಗ ಹೊಳೆಯಿತು. ಹೀಟರಿನ ಸೆಕೆಯಲ್ಲೂ ಆಕೆ ಬೆನ್ನ ಮೇಲಿನ ಶಾಲು ತೆಗೆದಿರಲಿಲ್ಲ. ಶಾಲು ಸ್ವಲ್ಪ ಜಾರಿದ ಕಡೆ, ಕತ್ತಿನ ಕೆಳಗೆ, ಕಪ್ಪು ನೀಲಿಯ ಮೇಲೆ ಬಂಗಾರದ ಒಂದು ಎಳೆ ಮಿಂಚಿತು.

‘ನೀ ಕರದಿ, ತಂಗಿ’ ಎಂದಳು ಚನ್ನಕ್ಕ. ‘ಉಡಿ ಒಡ್ಡಿ ನನ್ನ ಕರದಿ. ಇದನ್ನ ಕಳಚಿ ನಿನ್ನ ಉಡ್ಯಾಗ ಹಾಕಾಕ ನನ್ನ ಕೈ ಎಷ್ಟು ಎಳೀತು ಗೊತ್ತೈತೇನು? ಒಂದ ಹೆಜ್ಜಿ ಇಟ್ಟಿದ್ರ ಸಾಕಿತ್ತು, ನಾನೂ ಇವತ್ತ ರಾತ್ರಿ ಬೆನ್ನು ಚೆಲ್ಲಿ ಮಲಗ್ತಿದ್ದೆ. ನಿನ್ನ ಬ್ಯಾಡ ಅಂದಿದ್ದಲ್ಲವ್ವ, ನನ್ನ ಕೈಗೆ ಬ್ಯಾಡ ಅಂದೆ… ಅವರು ದಿನಾ ಕೇಳ್ತಾರ, ನೀ ಆದ ಮ್ಯಾಲ ಯಾರು ಅಂತ. ಇವತ್ತ ತಡದೆ. ವಯಸ್ಸಾತು ನನಗ. ನಾಳೆ ತಡಿಯಾಕ ಆಗತೈತೋ ಇಲ್ಲೋ, ನನಗೂ ಗೊತ್ತಿಲ್ಲ. ಇನ್ನ ಯಾವತ್ತೂ ನನ್ನ ಕರೀಬ್ಯಾಡ.’

ಐಶ್ವರ್ಯಾಳ ಕಣ್ಣಲ್ಲಿ ನೀರು ಬಂತು. ಇಷ್ಟು ಹೊತ್ತು ಆಕೆಯ ಮೇಲೆ ಮುಖ ಊದಿಸಿಕೊಂಡಿದ್ದಕ್ಕೆ ನಾಚಿಕೆಯಾಯಿತು. ನಂಬಬೇಕೋ ಬಿಡಬೇಕೋ ಎಂದು ಯೋಚಿಸುವಷ್ಟು ವ್ಯವಧಾನ ಅವಳಿಗಿರಲಿಲ್ಲ. ತಾಯಿಯಂಥ ಮುದುಕಿ ಒಬ್ಬಳೇ ಕೂತಿದ್ದು ಮಾತ್ರ ಕಾಣುತ್ತಿತ್ತು. ಭಾರದ ಹೊಟ್ಟೆ ಹಿಡಿದು ಎದ್ದು, ತಬ್ಬಿ ಕೂರೋಣವೆಂದು ಸೋಫಾದ ಖಾಲಿ ಜಾಗದ ಕಡೆ ನಡೆದಳು. ಅಲ್ಲಿ, ಯಾರೂ ಕೂರದ ಆ ದಿಂಬು, ಒಬ್ಬರ ಭಾರಕ್ಕೆ ಬೇಕಾದಷ್ಟು ತಗ್ಗಿತ್ತು.

ಚನ್ನಕ್ಕನ ಕೋಲು ಮೆಲ್ಲಗೆ ಅಡ್ಡ ಬಂತು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು.

‘ಈ ಕಡೆಯಿಂದ ಬಾ, ತಂಗಿ… ಅವರ ಕಾಲು ತುಳದಿ.’